ರಾಸಭಯೋಗ

ನಮ್ಮ ತಂದೆಯವರು ಸಂಸ್ಕೃತ ಪಾಠಶಾಲೆಯೊಂದರಲ್ಲಿ ಮೂವತ್ತೆಂಟು ವರ್ಷ ತರ್ಕಶಾಸ್ತ್ರವನ್ನು ಬೋಧಿಸಿದರು. ಆ ಶಾಸ್ತ್ರದ ಹೊಸ್ತಿಲನ್ನು ಒಮ್ಮೆಯಾದರೂ ಎಡವಿದವರಿಗೆ ತಿಳಿದಿರುವಂತೆ, ಅಲ್ಲಿ ಲೋಕದ ಸಕಲ ಪದಾರ್ಥಗಳ ಪರವಾಗಿ ವಕಾಲತ್ತು ವಹಿಸಿ ನಿಂತಿರತಕ್ಕದ್ದು ಘಟ, ಅಂದರೆ ಮಡಕೆ. ಮಡಕೆ ಹುಟ್ಟುವ ಮೊದಲು ಅದರ ಪ್ರಾಗಭಾವ, ಒಡೆದ ಮೇಲೆ ಪ್ರಧ್ವಂಸಾಭಾವ, ಅದು ಬಟ್ಟೆಯಲ್ಲವೆಂಬುದು ಅನ್ಯೋನ್ಯಾಭಾವ. ಹೀಗೆ ಇರುವ ಮಡಕೆಗಿಂತ ಇಲ್ಲದ ಮಡಕೆಯನ್ನು ಕುರಿತೇ ಹೆಚ್ಚು ಚರ್ಚೆ ನಡೆಯುತ್ತಿದ್ದ ಆ ತರಗತಿಯಲ್ಲಿ ಸಾವಿರ ಸಲ ಘಟವನ್ನು ಹುಟ್ಟಿಸಿ, ಸಾವಿರ ಸಲ ಒಡೆದು, ಒಂದು ದಿನವಾದರೂ ಕೈಗೆ ಮಣ್ಣು ಸೋಕಿಸಿಕೊಳ್ಳದೆ, ಸಂಜೆ ಮನೆಗೆ ಬಂದು ತಾಮ್ರದ ಚೊಂಬಿನ ನೀರಿನಲ್ಲಿ ಅವರು ಕಾಲು ತೊಳೆದುಕೊಳ್ಳುತ್ತಿದ್ದರು. ಇಡೀ ಮನೆಯಲ್ಲಿ ಬೆಂದ ಮಣ್ಣಿನದೆಂದು ಹೇಳಬಹುದಾದ ಪಾತ್ರೆ ಒಂದೇ ಒಂದು: ಉಗ್ರಾಣದ ಮೂಲೆಯಲ್ಲಿ, ಮೇಲರ್ಧ ಕಂದು ಕೆಳಗರ್ಧ ಕೆನೆಬಿಳುಪಾಗಿ, ಅಂಚಿನ ಪಂಚೆಯುಟ್ಟ ಪುರೋಹಿತರಂತೆ ಕುಳಿತಿದ್ದ ಅಜ್ಜಿಯ ಉಪ್ಪಿನಕಾಯಿ ಜಾಡಿ. ಅದರ ಮುಚ್ಚಳವನ್ನು ಏಳನೆಯ ವಯಸ್ಸಿನಲ್ಲಿ ಪ್ರಧ್ವಂಸಾಭಾವಕ್ಕೆ ಸೇರಿಸಿದವನು ನಾನು. ಅಂದಿನಿಂದ ಆ ಜಾಡಿಯ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಯವರು ಕಾಲ ಕಳೆದರು.

ನಾನು ತರ್ಕವನ್ನು ಓದಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿ ಕಾಲು ಶತಮಾನ ಕಳೆದು, ಐವತ್ತೊಂದನೆಯ ವಯಸ್ಸಿನಲ್ಲಿ, ನನ್ನ ಓರಗೆಯವರೆಲ್ಲ ರಕ್ತದಲ್ಲಿನ ಸಕ್ಕರೆಯನ್ನು ಅಳೆಸಿಕೊಳ್ಳಲು ತೊಡಗಿದ್ದ ಕಾಲದಲ್ಲಿ, ಹಿತ್ತಿಲಿನ ಸೌದೆ ಕೊಟ್ಟಿಗೆಯನ್ನು ತೆರವು ಮಾಡಿಸಿ, ವಿದ್ಯುತ್ತಿನಿಂದ ತಿರುಗುವ ಒಂದು ತಿಗರಿಯನ್ನೂ ವಿದ್ಯುತ್ತಿನಿಂದಲೇ ಕಾಯುವ ಒಂದು ಕುಲುಮೆಯನ್ನೂ ತಂದಿರಿಸಿ, ಮಣ್ಣಿನ ಮುಂದೆ ಕುಳಿತೆ. ಆಗ ತಂದೆಯವರಿಗೆ ಎಂಬತ್ತು ದಾಟಿತ್ತು. ನಾಲ್ಕು ತಿಂಗಳ ಶ್ರಮದ ಫಲವಾಗಿ ನನ್ನ ಕೈಯಿಂದ ಹೊರಬಿದ್ದ ಮೊದಲನೆಯ ಮಡಕೆಯನ್ನು ಅವರ ಮುಂದೆ ತಂದಿಟ್ಟಾಗ ಅವರು ಕನ್ನಡಕವನ್ನು ಸರಿಪಡಿಸಿಕೊಂಡು, ಅದನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿ, ನಿಟ್ಟುಸಿರಿಟ್ಟು, “ಅಂತೂ ನನ್ನನ್ನು ನಾಲ್ಕನೆಯ ಅನ್ಯಥಾಸಿದ್ಧನನ್ನಾಗಿ ಮಾಡಿಬಿಟ್ಟೆಯಲ್ಲಪ್ಪ!” ಎಂದರು.

ಈ ಮಾತಿನ ರಸವನ್ನು ಸವಿಯಬೇಕಾದರೆ ಸ್ವಲ್ಪ ಶಾಸ್ತ್ರವನ್ನು ಸಹಿಸಿಕೊಳ್ಳಬೇಕು. ಯಾವ ಕಾರ್ಯಕ್ಕೆ ಯಾವುದು ಕಾರಣ, ಯಾವುದು ಅಲ್ಲ ಎಂಬುದನ್ನು ನೈಯಾಯಿಕರು ಖಜಾನೆಯ ಗುಮಾಸ್ತರಂತೆ ಕಾಸು ಕಾಸಿಗೂ ಲೆಕ್ಕ ಹಾಕಿದವರು. ಮಡಕೆಗೆ ಕುಂಬಾರನೂ ಅವನ ಚಕ್ರವೂ ಚಕ್ರವನ್ನು ತಿರುಗಿಸುವ ಕೋಲೂ ನಿಮಿತ್ತಕಾರಣಗಳು. ಈ ವಿಷಯದಲ್ಲಿ ತಕರಾರಿಲ್ಲ. ಆದರೆ ಮಡಕೆ ಹುಟ್ಟುವ ಹೊತ್ತಿಗೆ ಅಲ್ಲಿಯೇ ಆಸುಪಾಸಿನಲ್ಲಿ ಇದ್ದುಕೊಂಡೂ, ಇದ್ದೆನೆಂಬ ಒಂದೇ ಕಾರಣದಿಂದ ‘ನಾನೂ ಕಾರಣ’ವೆಂದು ಹಕ್ಕು ಹೂಡಬಹುದಾದ ಕೆಲವು ಉಂಟಷ್ಟೆ, ಅವನ್ನು ಅನ್ಯಥಾಸಿದ್ಧಗಳೆಂದು ಕರೆದು ಶಾಸ್ತ್ರವು ಪಂಕ್ತಿಯಿಂದ ಎಬ್ಬಿಸುತ್ತದೆ. ವಿಶ್ವನಾಥ ಪಂಚಾನನನ ಕಾರಿಕಾವಲಿಯಲ್ಲಿ ಇಂಥವು ಐದು: ಕೋಲಿನಲ್ಲಿರುವ ಕೋಲುತನ, ಕೋಲಿನ ಬಣ್ಣ, ಆಕಾಶ, ಕುಂಬಾರನ ತಂದೆ, ಕಡೆಯದಾಗಿ ಮಣ್ಣು ಹೊತ್ತು ತಂದ ಕತ್ತೆ. ಮೂವತ್ತೆಂಟು ವರ್ಷ ಈ ಪಟ್ಟಿಯನ್ನು ಪಾಠ ಹೇಳಿದವರಿಗೆ ಮುಪ್ಪಿನಲ್ಲಿ ಅದರೊಳಗೇ ಒಂದು ಆಸನ ದೊರೆತಿತ್ತು. “ಐದನೆಯ ಸ್ಥಾನ ಇನ್ನೂ ಖಾಲಿಯಿದೆ” ಎಂದು ಅವರು ಸೇರಿಸಿ, ನನ್ನತ್ತ ನೋಡಿ, ನಶ್ಯದ ಡಬ್ಬಿಯನ್ನು ತೆರೆದರು.

ಈಗ ಈ ಹಳೆಯ ಕಥೆಯನ್ನು ಕೆದಕಲು ಒಂದು ಕಾಗದ ಕಾರಣ. ಪ್ರದರ್ಶನವೊಂದರ ವ್ಯವಸ್ಥಾಪಕರು ನನ್ನ ನಾಲ್ಕು ಪಾತ್ರೆಗಳನ್ನು ಕೇಳಿ ಬರೆದಿದ್ದಾರೆ. ಪಾತ್ರೆಗಳ ಜತೆಗೆ, ಮಣ್ಣಿನಲ್ಲಿ ನನ್ನ ಸೃಷ್ಟಿಮಾರ್ಗ ಯಾವುದು, ನಾನು ಮಣ್ಣಿನೊಡನೆ ಯಾವ ಸಂವಾದವನ್ನು ನಡೆಸುತ್ತೇನೆ ಎಂಬುದನ್ನು 150 ಶಬ್ದಗಳಲ್ಲಿ ನಿವೇದಿಸಿಕೊಳ್ಳಬೇಕಂತೆ. ನಾಲ್ಕು ಪಾತ್ರೆಗಳನ್ನು ಹುಡುಕಿ ತೆಗೆಯುವುದು ಕಷ್ಟವಾಗಲಿಲ್ಲ, ಏಕೆಂದರೆ ಒಡೆಯದೆ ಉಳಿದವು ಬಹಳವಿರಲಿಲ್ಲ. ಸಂವಾದದ ವಿಷಯ ಮಾತ್ರ ತೊಡಕಾಯಿತು. ನಾನು ಮಣ್ಣಿನೊಡನೆ ಮಾತಾಡುವುದು ಸುಳ್ಳಲ್ಲ. ಆದರೆ ಆ ಮಾತುಗಳು ಅಚ್ಚಿನಲ್ಲಿ ಬರತಕ್ಕವಲ್ಲ.

ಮಣ್ಣನ್ನು ತುಳಿದು, ನಾದಿ, ಹದಮಾಡಿ, ಉಂಡೆ ಕಟ್ಟಿ, ತಿಗರಿಯ ನಡುವೆ ಕೂರಿಸುವುದು ಪ್ರಥಮ ಸೋಪಾನ. ನೋಡುವವರಿಗೆ ಇದೊಂದು ಕೆಲಸವೇ ಅಲ್ಲ. ಉಂಡೆಯ ನಡುವೂ ಚಕ್ರದ ನಡುವೂ ಒಂದಾಗುವವರೆಗೆ ಅದು, ಉತ್ಸವದ ದಿನ ಮದವೇರಿದ ಆನೆ ಮಾವುತನನ್ನು ಅಲುಗಿಸುವಂತೆ, ಮೊಳಕೈಯಿಂದ ಹಿಡಿದು ಕೃತಕ ದಂತಪಂಕ್ತಿಯವರೆಗೆ ನಮ್ಮನ್ನು ಅಲುಗಿಸುತ್ತದೆ. ಮೊದಲ ತಿಂಗಳಿನಲ್ಲಿ ನಾನು ಕೂರಿಸಿದ ಉಂಡೆಗಳು ಕೊಟ್ಟಿಗೆಯ ನಾಲ್ಕು ಗೋಡೆಗಳನ್ನೂ ಒಂದೊಂದಾಗಿ ಸಂದರ್ಶಿಸಿ ಬಂದವು. ಕಡೆಗೆ ಮೈಸೂರಿನ ಕುಂಬಾರಕೊಪ್ಪಲಿನಿಂದ, ಕೋಲಿನಿಂದಲೇ ತಿಗರಿಯನ್ನು ತಿರುಗಿಸಿ ಬಾಳು ಸವೆಸಿದ ಒಬ್ಬ ವೃದ್ಧರನ್ನು ಕರೆದುಕೊಂಡು ಬಂದೆ. ಅವರು ಬಾಗಿಲಿನಲ್ಲಿ ನಿಂತು, ನಾನು ಎರಡು ಕೈಗಳಿಂದಲೂ ಮಣ್ಣನ್ನು ಅದುಮಿ ಹಿಡಿದು ಹಲ್ಲು ಕಚ್ಚಿಕೊಂಡಿದ್ದುದನ್ನು ಒಂದು ಗಳಿಗೆ ನೋಡಿ, “ಅದ್ಯಾಕ್ ಸ್ವಾಮಿ ಹಂಗೆ ಕತ್ತು ಹಿಸುಕ್ತೀರಿ? ಅದೇನು ನಿಮ್ಗೆ ಸಾಲ ಕೊಡ್ಬೇಕಾ?” ಎಂದು ಕೇಳಿದರು. ಆಮೇಲೆ ನನ್ನನ್ನು ಎಬ್ಬಿಸಿ, ತಾವು ಕುಳಿತು, ಬಲದ ಅಂಗೈಯ ಬುಡವನ್ನು ಉಂಡೆಯ ಮಗ್ಗುಲಿಗೆ ಸುಮ್ಮನೆ ಒರಗಿಸಿದರು. ಒತ್ತಲಿಲ್ಲ, ಅಲ್ಲಿಯೇ ಇಟ್ಟುಕೊಂಡಿದ್ದರು, ಅಷ್ಟೆ. ಏಳೆಂಟು ಸುತ್ತು ತಿರುಗುವಷ್ಟರಲ್ಲಿ ಉಂಡೆ ಅಲುಗಾಟವನ್ನು ಬಿಟ್ಟು, ತಿರುಗುತ್ತಿದೆಯೋ ಇಲ್ಲವೋ ತಿಳಿಯದಂತೆ ನಿಶ್ಚಲವಾಯಿತು. ಒದ್ದೆ ಮಣ್ಣಿನ ಮೈಮೇಲೆ ಕಿಟಕಿಯ ಬೆಳಕು ಒಂದೇ ಕಡೆ ನಿಂತಿತು. “ಇದ್ರ ಪಾಡಿಗೆ ಇದು ಕೂತ್ಕಂತದೆ, ನೀವು ಅಡ್ಡ ಬರ್ಬೇಡಿ” ಎಂದು ಹೇಳಿ ಅವರು ಕೈ ತೊಳೆದುಕೊಂಡರು.

ಅಡ್ಡಬಾರದಿರುವುದು ವಿದ್ಯಾವಂತನಿಗೆ ಎಷ್ಟು ಕಷ್ಟವೆಂಬುದನ್ನು ಅವರು ಬಲ್ಲವರಲ್ಲ. ಹೊರಡುವಾಗ ಅವರು ಕಪಾಟಿನಲ್ಲಿದ್ದ ನನ್ನದೊಂದು ಬೆಂದ ಮಡಕೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, “ಇದ್ಕೆ ಗಂಟ್ಲು ಕಟ್ಕಂಡದೆ ಸ್ವಾಮಿ” ಎಂದರು. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಅದರ ತಳದಲ್ಲಿದ್ದುದು ಮೂರು ದಿನಗಳ ಮೇಲೆ ನೀರು ತುಂಬಿದಾಗ ನನಗೂ ನನ್ನ ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳಿಗೂ ಗೊತ್ತಾಯಿತು.

ತಟ್ಟುವುದೆಂದಾಗ ನೆನಪಾಗುತ್ತದೆ. ಹರಿಹರ ಕವಿಯ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆಯನ್ನು ತಟ್ಟಿದ ನಾದಕ್ಕೆ ಮನಸೋತು ಸಾಕ್ಷಾತ್ ಪರಶಿವನೇ ಕುಣಿದನೆಂಬುದು ಪ್ರಸಿದ್ಧ. ಒಳಗೆ ಕಲ್ಲು ಹಿಡಿದು ಹೊರಗೆ ಮರದ ಹಲಗೆಯಿಂದ ತಟ್ಟಿ ಗಡಿಗೆಯ ಹೊಟ್ಟೆಯನ್ನು ಉಬ್ಬಿಸುವ ಈ ಪದ್ಧತಿಯನ್ನು ನಾನೂ ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಭಕ್ತಿಪೂರ್ವಕವಾಗಿ ಅಭ್ಯಾಸಮಾಡಿದೆ. ಆ ನಾದಕ್ಕೆ ಓಗೊಟ್ಟು ಪ್ರತ್ಯಕ್ಷರಾದವರು, ಊಟಮಾಡಿ ಅಡ್ಡಾಗಿದ್ದ ಪಕ್ಕದ ಮನೆಯ ನಿವೃತ್ತ ಸಬ್‌ರಿಜಿಸ್ಟ್ರಾರರು. ಅವರು ಕುಣಿಯಲಿಲ್ಲವೆಂದು ಹೇಳಲಾರೆ. ಆದರೆ ಅದು ಆನಂದತಾಂಡವವಲ್ಲ.

ಮಣ್ಣಿಗೆ ಇನ್ನೊಂದು ಗುಣವುಂಟು: ಅದು ಕುಗ್ಗುತ್ತದೆ. ಒಣಗುವಾಗ ನೀರನ್ನು ಬಿಟ್ಟು ಒಂದಿಷ್ಟು, ಬೇಯುವಾಗ ಕಣಕಣಗಳು ಬೆಸೆದುಕೊಂಡು ಮತ್ತಿಷ್ಟು; ನಾನು ಬಳಸುವ ಮಣ್ಣು ಒಟ್ಟಿನಲ್ಲಿ ಉದ್ದದಲ್ಲಿ 100ಕ್ಕೆ 12ರಷ್ಟು ಕಿರಿದಾಗುತ್ತದೆ. ಹನ್ನೆರಡೇ ತಾನೆ ಎಂದು ಉದಾಸೀನಮಾಡಿದ ನಾನು, ಉದ್ದ ಅಗಲ ಎತ್ತರ ಮೂರೂ ಹಾಗೆ ಕಿರಿದಾದಾಗ ಪಾತ್ರೆ ಹಿಡಿಯುವ ಅಳತೆಯಲ್ಲಿ ಸುಮಾರು 32 ಪಾಲು ಮಾಯವಾಗುವುದೆಂಬ ಪ್ರೌಢಶಾಲೆಯ ಗಣಿತವನ್ನು ಮರೆತು, ಮನೆಯ ಕಾಫಿ ಲೋಟದ ಅಳತೆಗೆ ಸರಿಯಾಗಿ ಹನ್ನೆರಡು ಲೋಟಗಳನ್ನು ಹಸಿ ಮಣ್ಣಿನಲ್ಲಿ ಮಾಡಿ ಬೇಯಿಸಿದೆ. ಆ ಲೋಟಗಳಲ್ಲಿ ಕಾಫಿ ಕುಡಿದ ಬೀಗರು ಊರಿಗೆ ಹೋಗಿ ನಮ್ಮ ಮನೆಯ ಕೈಬಿಗಿಯನ್ನು ಕುರಿತು ಆಡಿದ ಮಾತು ಎರಡು ಜಿಲ್ಲೆಗಳನ್ನು ದಾಟಿ ನಮ್ಮ ಕಿವಿಗೆ ಬಿತ್ತು. ಇಂಗ್ಲೆಂಡಿನ ಜೊಸೈಯಾ ವೆಡ್ಜ್‌ವುಡ್ ಎಂಬ ಕುಂಬಾರನು ಇದೇ ಕುಗ್ಗುವಿಕೆಯನ್ನು ಉಪಯೋಗಿಸಿಕೊಂಡು, ಕುಲುಮೆಯೊಳಗಿಟ್ಟ ಮಣ್ಣಿನ ತುಂಡು ಎಷ್ಟು ಕಿರಿದಾಯಿತೆಂಬುದರಿಂದ ಒಳಗಿನ ತಾಪವನ್ನು ಅಳೆಯುವ ಉಪಾಯವನ್ನು 1782ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟು, ಮರುವರ್ಷವೇ ಆ ಸಂಸ್ಥೆಯ ಫೆಲೋ ಆದನು. ಒಂದೇ ಮಣ್ಣು, ಅವನಿಗೆ ಫೆಲೋ ಪದವಿ, ನನಗೆ ಜಿಪುಣನೆಂಬ ಬಿರುದು.

ಗಣಪತಿಯ ವಿಷಯವನ್ನು ಹೇಳದಿದ್ದರೆ ಅಪಚಾರವಾದೀತು. ಮೊದಲನೆಯ ಭಾದ್ರಪದದಲ್ಲಿ, ಮನೆಯಲ್ಲಿಯೇ ಕುಂಬಾರನಿರುವಾಗ ಪೇಟೆಯ ಗಣಪನೇಕೆಂದು, ಗಟ್ಟಿ ಮಣ್ಣಿನಿಂದ ಒಂದು ಮೂರ್ತಿಯನ್ನು ಮಾಡಿ, ನಾಲ್ಕೇ ದಿನ ಒಣಗಿಸಿ, ಕುಲುಮೆಯಲ್ಲಿಟ್ಟೆ. ಅರ್ಧ ಗಂಟೆಯೊಳಗೆ ಒಳಗಿನಿಂದ ಪಟಾಕಿಯಂಥ ಶಬ್ದ. ದಪ್ಪ ಮೈಯೊಳಗೆ ಉಳಿದ ಪಸೆಯ ಒಂದೊಂದು ತೊಟ್ಟೂ ಆವಿಯಾದಾಗ 1600 ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಲಂಬೋದರನ ಉದರ ಬಿರಿದಿತ್ತು. ಪುರಾಣದಲ್ಲಿ ಹೀಗಾದಾಗ ಹಾವೊಂದನ್ನು ಹಿಡಿದು ಸೊಂಟಕ್ಕೆ ಬಿಗಿದುಕೊಂಡು ಅವನು ಸುಧಾರಿಸಿಕೊಂಡನು. ಇಲ್ಲಿ ಬಿಗಿಯಲು ಸೊಂಟವೇ ಉಳಿದಿರಲಿಲ್ಲ. ಮರುವರ್ಷ ಜಾಣನಾಗಿ ಮೂರ್ತಿಯನ್ನು ಒಳಗೆ ಪೊಳ್ಳು ಮಾಡಿ, ಮೂರು ವಾರ ನೆರಳಿನಲ್ಲಿ ಒಣಗಿಸಿ, 1000 ಡಿಗ್ರಿಗೆ ನಿಧಾನವಾಗಿ ಬೇಯಿಸಿದೆ. ಮೂರ್ತಿ ಸರ್ವಾಂಗಸುಂದರವಾಗಿ ಹೊರಬಂತು. ಪೂಜೆಯಾಯಿತು, ಕಡುಬಾಯಿತು, ಮಂಗಳಾರತಿಯಾಯಿತು; ಸಂಜೆ ಬಕೆಟ್ಟಿನಲ್ಲಿ ವಿಸರ್ಜನೆಯೂ ಆಯಿತು. ಬೆಳಗ್ಗೆ ನೋಡಿದರೆ ಸ್ವಾಮಿಯು ನೀರಿನಡಿಯಲ್ಲಿ, ತೈಲಾಭ್ಯಂಜನ ಮುಗಿಸಿದವರಂತೆ, ಮತ್ತಷ್ಟು ಕಾಂತಿಯಿಂದ ಮಂದಹಾಸ ಬೀರುತ್ತ ಕುಳಿತಿದ್ದಾನೆ. 600 ಡಿಗ್ರಿ ದಾಟಿ ಬೆಂದ ಮಣ್ಣು ತನ್ನೊಳಗೆ ಬೆಸೆದುಕೊಂಡಿದ್ದ ನೀರನ್ನು ಕಳೆದುಕೊಂಡಿರುತ್ತದೆ, ಮತ್ತೆ ಎಷ್ಟು ನೆನೆಸಿದರೂ ಕೆಸರಾಗುವುದಿಲ್ಲವೆಂದು ನಾನು ಹೆಂಡತಿಗೆ ವಿವರಿಸಿದೆ. “ಇದು ನಿಮಗೆ ಮೊದಲೇ ಗೊತ್ತಿತ್ತೆ?” ಎಂದು ಅವಳು ಕೇಳಿದಳು. ಹೌದೆನ್ನುವುದೋ ಇಲ್ಲವೆನ್ನುವುದೋ ಇಂದಿಗೂ ನಿಶ್ಚಯವಾಗಿಲ್ಲ. ಆ ವಿನಾಯಕನು ಒಂಬತ್ತು ವರ್ಷಗಳಿಂದ ನಮ್ಮ ತುಳಸಿಕಟ್ಟೆಯ ಹಿಂದೆ ವಿಸರ್ಜನೆಯನ್ನು ನಿರೀಕ್ಷಿಸುತ್ತಿದ್ದಾನೆ.

ಕುಲುಮೆಯಲ್ಲಿ ಮಡಕೆಗೆ ಏನಾಗುತ್ತದೆಂಬ ವಿಷಯದಲ್ಲಿ ಹಿಂದಿನವರಿಗೆ ದೊಡ್ಡ ವಾಗ್ವಾದವೇ ಇತ್ತು. ಹಸಿಯ ಮಡಕೆ ಕಪ್ಪಗಿದ್ದುದು ಕೆಂಪಾಗುವುದು ಹೇಗೆ? ವೈಶೇಷಿಕರ ಮತದಲ್ಲಿ ಬೆಂಕಿ ತಾಗಿದೊಡನೆ ಮಡಕೆ ಪರಮಾಣುಗಳಾಗಿ ಬಿಚ್ಚಿಹೋಗುತ್ತದೆ, ಪರಮಾಣುಗಳು ಬೆಂದು ಕೆಂಪಾಗುತ್ತವೆ, ಮತ್ತೆ ಕೂಡಿಕೊಂಡು ಮಡಕೆಯಾಗುತ್ತವೆ, ಇದು ಪೀಲುಪಾಕ. ನೈಯಾಯಿಕರು ಅದನ್ನೊಪ್ಪದೆ, ಮಡಕೆ ಮಡಕೆಯಾಗಿಯೇ ಇದ್ದು ಇಡಿಯಾಗಿ ಬೇಯುತ್ತದೆ ಎಂದರು, ಇದು ಪಿಠರಪಾಕ. ತಂದೆಯವರು ಕಟ್ಟಾ ಪಿಠರಪಾಕವಾದಿಗಳು. ನನ್ನ ಕುಲುಮೆಯ ಬಾಗಿಲನ್ನು ಮೊದಲ ಸಲ ತೆರೆದಾಗ ಕೋಲೂರಿಕೊಂಡು ಬಂದು ಇಣಿಕಿ ನೋಡಿದ ಅವರು ಬಹಳ ಹೊತ್ತು ಮೌನವಾಗಿದ್ದು, “ವೈಶೇಷಿಕರ ಮತದಲ್ಲಿಯೂ ಪೂರ್ವಾರ್ಧ ನಿಜವೆಂದು ಕಾಣುತ್ತದೆ” ಎಂದು ಒಪ್ಪಿಕೊಂಡರು. ಎರಡು ಕಪಾಲಗಳು ಕೂಡಿ ಘಟವಾಗುತ್ತದೆಂಬುದು ಶಾಸ್ತ್ರ. ನನ್ನ ಘಟಗಳು ಎರಡು ಕಪಾಲಗಳಾಗುವುದರಲ್ಲಿ ನಿಷ್ಣಾತವಾಗಿದ್ದವು.

ಕುಲುಮೆಯ ಒಳಗೆ ಸಣ್ಣ ಕಿಂಡಿಯಿಂದ ಕಾಣುವಂತೆ ಕಿರುಬೆರಳಿನ ಗಾತ್ರದ ಮಣ್ಣಿನ ಗೋಪುರಗಳನ್ನು ನಿಲ್ಲಿಸುವುದುಂಟು. ಹರ್ಮನ್ ಸೇಗರ್ ಎಂಬ ಜರ್ಮನ್ ರಸಾಯನಜ್ಞ 1886ರಲ್ಲಿ ಬರ್ಲಿನ್ನಿನಲ್ಲಿ ರೂಪಿಸಿದ ಈ ಕೋನುಗಳು ನಿಗದಿಯಾದ ಶಾಖ ತಾಗಿದೊಡನೆ ಮೆತ್ತಗಾಗಿ ತಲೆಬಾಗಿಸುತ್ತವೆ. ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ನನ್ನೆದುರು ತಲೆಬಾಗಿಸಿದ ವಸ್ತು ಇದೊಂದೇ ಆದುದರಿಂದ ಅದನ್ನು ನೋಡಲು ನಡುರಾತ್ರಿಯಲ್ಲೂ ಎದ್ದು ಹೋಗುತ್ತೇನೆ. ವಿದ್ಯುತ್ತಿನವರ ಕೃಪೆ 900 ಡಿಗ್ರಿಯಲ್ಲಿ ತಪ್ಪಿಹೋದ ಒಂದು ರಾತ್ರಿ, ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಬೆರ್ನಾರ್ ಪಾಲಿಸ್ಸಿ ಎಂಬ ಮಹಾನುಭಾವನು ಸೌದೆ ಸಾಲದೆ ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಕುಲುಮೆಗೆ ಹಾಕಿದ ರೋಮಾಂಚಕಾರಿ ವೃತ್ತಾಂತವನ್ನು ಮೇಣದಬತ್ತಿಯ ಬೆಳಕಿನಲ್ಲಿ ಹೆಂಡತಿಗೆ ಹೇಳಿದೆ. ಅವಳು ಏನನ್ನೂ ನುಡಿಯದೆ, ತವರಿನಿಂದ ಬಂದ ಬೀಟೆಮರದ ಪೆಟ್ಟಿಗೆಯನ್ನು ಕೋಣೆಯೊಳಕ್ಕೆ ಎಳೆದು ಬೀಗ ಹಾಕಿಕೊಂಡಳು.

ಮೆರುಗಿನ ಕಥೆ ಬೇರೆ. ಮೆರುಗು ಎಂದರೆ ಮಡಕೆಯ ಮೇಲೆ ಕರಗಿ ಹರಡಿಕೊಂಡ ಗಾಜಿನ ಪದರವೇ ಹೊರತು ಬಣ್ಣವಲ್ಲ. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕ ಹೇರಳ. ಸೌದೆಯ ಬೂದಿಯಲ್ಲಿ ಅದನ್ನು ಕರಗಿಸುವ ಸುಣ್ಣ ಮತ್ತು ಕ್ಷಾರ. ಎರಡಕ್ಕೂ ಸ್ವಲ್ಪ ಮಣ್ಣು ಕೂಡಿದರೆ 1220 ಡಿಗ್ರಿಯಲ್ಲಿ ಮೆರುಗು ಸಿದ್ಧ. ಇಷ್ಟು ಸುಲಭವೆಂದು ತಿಳಿದ ಮೇಲೆ ಬಚ್ಚಲೊಲೆಯ ಬೂದಿಗಾಗಿ ನನಗೂ ಪಾತ್ರೆ ತಿಕ್ಕುವ ಹೆಂಗಸಿಗೂ ಹುಟ್ಟಿದ ಪೈಪೋಟಿಯಲ್ಲಿ ನಾನೇ ಸೋತೆ. ನನಗೆ ಬೇಕಾಗಿದ್ದುದು ಚೀನೀ ಪಾತ್ರೆಗಳ ಮೇಲಿನ ಎಳೆಗರಿಕೆಯ ಹಸುರು. ಅದು ಮೆರುಗಿನಲ್ಲಿರುವ ಒಂದೆರಡು ಪಾಲು ಕಬ್ಬಿಣ ಉಸಿರುಕಟ್ಟಿದ ಬೆಂಕಿಯಲ್ಲಿ ಬೆಂದರೆ ಬರುವ ಬಣ್ಣ. ನನ್ನ ವಿದ್ಯುತ್ ಕುಲುಮೆಯಲ್ಲಿ ಗಾಳಿ ಧಾರಾಳ, ಅದರಲ್ಲಿ ಅದೇ ಕಬ್ಬಿಣ ಹಳದಿಗಂದಾಗಿ ಇಳಿಯುತ್ತದೆ. ಮನೆಗೆ ಬಂದ ಒಬ್ಬ ಸಹೃದಯರು, “ಹುಣಿಸೇಹಣ್ಣಿನ ಗೊಜ್ಜಿನ ಬಣ್ಣವನ್ನು ಹೀಗೆ ತದ್ರೂಪಾಗಿ ತಂದದ್ದು ನೀವೊಬ್ಬರೇ” ಎಂದು ಕೈಕುಲುಕಿದರು. ಬೇಗ ತೆರೆದರೆ ಬಿರುಕು ಬಿಡುತ್ತದೆ, ಒಂದೂವರೆ ದಿನವಾದರೂ ಆರಲು ಬಿಡಬೇಕೆಂದು ಗೊತ್ತಿದ್ದೂ ಕುಲುಮೆಯ ಬಾಗಿಲನ್ನು ಬೆರಳಗಲ ಸರಿಸಿ ನೋಡುವ ಚಾಪಲ್ಯ ನನಗುಂಟು. ಆಗ ಒಳಗಿನಿಂದ ಟಿಣ್, ಟಿಣ್ ಎಂದು ಬಹಳ ಇಂಪಾದ ಸದ್ದು ಬರುತ್ತದೆ. ಅದು ಮೆರುಗು ಸೀಳುವ ಸದ್ದು.

ಇನ್ನು ಪ್ರಯೋಜನದ ಮಾತು. ಒಸರಬೇಕಾದ ಪಾತ್ರೆ ಹೂಜಿ. ಒಸರಿದ ನೀರು ಆವಿಯಾಗುವುದರಿಂದಲೇ ಒಳಗಿನದು ತಂಪಾಗುವುದು. ಒಸರಬಾರದ ಪಾತ್ರೆ ಹೂದಾನಿ. ನನ್ನ ಹೂಜಿ ಹೆಚ್ಚು ಬೆಂದು ಒಂದು ಹನಿಯನ್ನೂ ಹೊರಬಿಡದೆ ನೀರನ್ನು ಬೆಚ್ಚಗಿರಿಸಿತು. ಹೂದಾನಿ ಕಡಮೆ ಬೆಂದು ಹೆಂಡತಿಯ ಕಸೂತಿಯ ಮೇಲುಹಾಸನ್ನು ತಂಪಾಗಿರಿಸಿತು. ಕೆರೆಯ ಮಣ್ಣಿನ ಬಟ್ಟಲನ್ನು ಒಮ್ಮೆ ದುರಾಸೆಯಿಂದ 1220 ಡಿಗ್ರಿಗೆ ಏರಿಸಿದಾಗ, 1000ದ ಆಸುಪಾಸಿನಲ್ಲಿಯೇ ತೃಪ್ತಿಹೊಂದುವ ಆ ಸಾತ್ವಿಕ ಮಣ್ಣು ಕುಲುಮೆಯ ಹಲಗೆಯ ಮೇಲೆ ಸೆಟ್ ದೋಸೆಯಾಗಿ ಹರಡಿತು. ಸೊಟ್ಟಾದುವನ್ನು ಸಮರ್ಥಿಸಿಕೊಳ್ಳಲು ನನ್ನಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು: ಕೊರಿಯದ ಯಾವನೋ ಹಳ್ಳಿಯ ಕುಂಬಾರ ಅವಸರದಲ್ಲಿ ಮಾಡಿದ ಒಂದು ಒರಟು ಬಟ್ಟಲು ಇಂದು ಕಿಝಾಎಮೊನ್ ಎಂಬ ಹೆಸರಿನಿಂದ ಕ್ಯೋಟೋ ನಗರದ ದೇವಾಲಯವೊಂದರಲ್ಲಿದ್ದು ಜಪಾನಿನ ರಾಷ್ಟ್ರೀಯ ನಿಧಿಯಾಗಿದೆ. ಹೆಂಡತಿ ಸಾವಧಾನವಾಗಿ ಕೇಳಿ, “ಅವನು ಸೊಟ್ಟಗೆ ಮಾಡಬೇಕೆಂದೂ ಮಾಡಲಿಲ್ಲ, ಮಾಡಿದ ಮೇಲೆ ಭಾಷಣವನ್ನೂ ಮಾಡಲಿಲ್ಲ” ಎಂದಳು. ನಾನು ಬಟ್ಟಲನ್ನು ಕಪಾಟಿನ ಹಿಂದಿನ ಸಾಲಿಗೆ ಸರಿಸಿದೆ.

ಅದೇ ಕಪಾಟಿನ ಹಿಂದಿನ ಸಾಲಿನಲ್ಲಿ ಒಂದು ಮುಚ್ಚಳವೂ ಇತ್ತು. ನಾನು ಮಾಡಿದ ಸಕ್ಕರೆ ಡಬ್ಬಿಗೆಂದು ಮಾಡಿದ್ದು. ಡಬ್ಬಿ ಒಂದು ಬಗೆಯ ಮಣ್ಣು, ಮುಚ್ಚಳ ಇನ್ನೊಂದು ಬಗೆಯ ಮಣ್ಣು. ಕುಗ್ಗಿದ ಪ್ರಮಾಣ ಬೇರೆಬೇರೆಯಾಗಿ, ಮುಚ್ಚಳ ತನ್ನ ಡಬ್ಬಿಯ ಮೇಲೆ ಮಗುವಿನ ತಲೆಗೆ ತಾತನ ಪೇಟವಿಟ್ಟಂತೆ ಜಾರುತ್ತಿತ್ತು. ಕಳೆದ ಮಾವಿನಮಿಡಿಯ ಕಾಲದಲ್ಲಿ ಹೆಂಡತಿ ಅಜ್ಜಿಯ ಜಾಡಿಯನ್ನು ತೊಳೆದು ಬಿಸಿಲಿಗಿಟ್ಟು, ಕಾಗೆ ಬಾಯಿಟ್ಟೀತೆಂದು, ಕೈಗೆ ಸಿಕ್ಕಿದ ಈ ಮುಚ್ಚಳವನ್ನು ಅದರ ಮೇಲೆ ಹಾಕಿದಳು. ಠಕ್ ಎಂದು ಕುಳಿತುಕೊಂಡಿತು. ಎತ್ತಿ ಮತ್ತೆ ಹಾಕಿದಳು, ಮತ್ತೆ ಠಕ್. ಅಲ್ಲಾಡಿಸಿದಳು, ಅಲ್ಲಾಡಲಿಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಜಾಡಿಗೆ, ಅಳತೆ ತೆಗೆಯದೆ, ಉದ್ದೇಶಿಸದೆ, ಯಾವುದಕ್ಕೋ ಮಾಡಿದ್ದು ತಪ್ಪಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಮುಚ್ಚಳ! ತಂದೆಯವರು ಆ ವೇಳೆಗೆ ತೀರಿಕೊಂಡು ಎರಡು ವರ್ಷವಾಗಿತ್ತು. ಇದ್ದಿದ್ದರೆ, ಕಾರಣವಲ್ಲದೆ ಸುಮ್ಮನೆ ಅಲ್ಲಿದ್ದವನಿಗೆ ಶಾಸ್ತ್ರದಲ್ಲಿ ಏನು ಹೆಸರೆಂದು ಕೇಳಿ, ನಶ್ಯದ ಡಬ್ಬಿಯನ್ನು ತೆರೆಯುತ್ತಿದ್ದರು.

ವ್ಯವಸ್ಥಾಪಕರ 150 ಶಬ್ದಗಳಿಗೆ ಬದಲಾಗಿ ‘ಮಣ್ಣು ಹೊರುತ್ತೇನೆ’ ಎಂದು ಎರಡೇ ಶಬ್ದ ಬರೆದು ಕಳುಹಿಸಿದ್ದೇನೆ. ಉಳಿದ 148ನ್ನು ಕಳುಹಿಸಿಕೊಡಬೇಕೆಂದು ಅವರಿಂದ ನೆನಪೋಲೆ ಬಂದಿದೆ. ಮಾಡಿದುವುಗಳಲ್ಲೆಲ್ಲ ಉತ್ತಮವಾದುದನ್ನು ಪ್ರದರ್ಶನಕ್ಕೆ ಕೊಡುವಂತಿಲ್ಲ. ಜಾಡಿಯಲ್ಲಿ ಮಿಡಿ ಇದೆ, ಇನ್ನೂ ಕೆಟ್ಟಿಲ್ಲ.